ತಂಬೂರಿ, ಫ್ಯಾನು ಎರಡೂ ಹಿಂದೆ ಕೇಳುತ್ತಿವೆ. ಯಾವ ಸ್ಪೆಕ್ಟ್ರಲ್ ಪ್ಲಗಿನ್ ಕೊಳ್ಳಲಿ?

ತಾಯಿಯವರ ಹಾಡುಗಳನ್ನು ಮೈಸೂರಿನ ಮನೆಯಲ್ಲೇ ಧ್ವನಿಮುದ್ರಿಸಿಕೊಂಡಿದ್ದೀರಿ. ಹಿಂದೆ "ತಂಬೂರಿ, ಫ್ಯಾನು ಮುಂತಾದ ಸದ್ದು" ಇದೆ, ಅದನ್ನೆಲ್ಲ ತೆಗೆದು ಧ್ವನಿಯನ್ನು ಮಾತ್ರ ಉಳಿಸಿಕೊಳ್ಳಲು ಆರ್‌ಎಕ್ಸ್ ಒಳ್ಳೆಯದೋ ಸ್ಪೆಕ್ಟ್ರಾಲೇಯರ್ಸ್ ಒಳ್ಳೆಯದೋ ಎಂದು ಕೇಳಿದ್ದೀರಿ. ಎರಡೂ ಸ್ಪೆಕ್ಟ್ರಲ್ ಸಾಧನಗಳು, ಅಂದರೆ ಸದ್ದನ್ನು ಆವರ್ತನಗಳಾಗಿ ಬಿಡಿಸಿ ತಿದ್ದುವ ತಂತ್ರಾಂಶಗಳು. ತಂಬೂರಿಯನ್ನೂ ಫ್ಯಾನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ಆ ಸಾಲನ್ನು ಓದಿ ನನ್ನ ಎದೆ ಧಸಕ್ಕೆಂದಿತು. 2014ರಲ್ಲಿ ನಾನೂ ಹಾಗೆಯೇ ಕೂರಿಸಿದ್ದೆ.

ಅಗ್ರಹಾರದ ಅಡ್ಡರಸ್ತೆಯೊಂದರಲ್ಲಿ ನಮ್ಮ ಚಿಕ್ಕಜ್ಜಿಯ ಮನೆಯಿತ್ತು. ನನ್ನ ಅಜ್ಜಿಯ ತಂಗಿ ಅವರು. ಆಗ ಅವರಿಗೆ 76 ವರ್ಷ. ಕಛೇರಿ ಮಾಡಿದವರಲ್ಲ, ಬೀದಿಯ ಮಕ್ಕಳಿಗೆ ಸರಳೆ, ಜಂಟಿ, ದೇವರನಾಮ ಹೇಳಿಕೊಡುತ್ತಲೇ ನಲವತ್ತು ವರ್ಷ ಕಳೆದವರು. ಉಗಾಭೋಗ ಹಾಡಲು ಕುಳಿತರೆಂದರೆ ಅಡುಗೆಮನೆಯಲ್ಲಿದ್ದವರೂ ಒಲೆ ಆರಿಸಿ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ಗಟ್ಟಿಯಾಗಿ ಹಾಡುವ ಅಭ್ಯಾಸ ಅವರಿಗೆ ಇರಲಿಲ್ಲ. ಪಂಚಮಕ್ಕೆ, ಸರಿಗಮದ 'ಪ'ಕ್ಕೆ, ಬಂದು ಮೆಲ್ಲಗೆ ನಿಲ್ಲುತ್ತಿದ್ದರು, ಉಸಿರು ಮುಗಿಯುವವರೆಗೂ ನಿಲ್ಲುತ್ತಿದ್ದರು. ಅವರ ಹಾಡಿನ ಜೀವವೇ ಆ ನಿಲುಗಡೆ. ಇದನ್ನು ನೆನಪಿನಲ್ಲಿಡಿ, ಮುಂದಿನ ಕಥೆಯೆಲ್ಲ ಅದರದೇ.

ಆ ವರ್ಷದ ದಸರಾ ರಜೆಯಲ್ಲಿ ಮೂರು ಸಂಜೆ ಕುಳಿತು ಹನ್ನೊಂದು ಉಗಾಭೋಗ, ಆರು ದೇವರನಾಮ ಧ್ವನಿಮುದ್ರಿಸಿದೆ. ಹೊಸದಾಗಿ ಕೊಂಡ ಸಣ್ಣ ರೆಕಾರ್ಡರನ್ನು ಚಾಪೆಯ ಮೇಲೆ ಇಟ್ಟಿದ್ದೆ. ತಂಬೂರಿ ಮೀಟುತ್ತಿದ್ದ ಚಿಕ್ಕಮ್ಮ ಒಂದು ಮೊಳ ದೂರದಲ್ಲಿ, ಗೋಡೆಗೆ ಒರಗಿದ್ದ ಚಿಕ್ಕಜ್ಜಿ ನಾಲ್ಕು ಅಡಿ ದೂರದಲ್ಲಿ. ಮೇಲೆ ಫ್ಯಾನು ತಿರುಗುತ್ತಿತ್ತು. ಶ್ರುತಿ ಸೇರಿ ತಂಬೂರಿ ತುಂಬಿಕೊಂಡ ಮೇಲೆಯೇ ನಾನು ಗುಂಡಿ ಒತ್ತುತ್ತಿದ್ದೆ, ಧ್ವನಿಮುದ್ರಣ ತಂಬೂರಿಯಿಂದ ಶುರುವಾದರೆ ಚೆಂದ ಎಂಬ ಆಸೆಯಿಂದ. ಕೊನೆಯಲ್ಲಿ ಹಾಡು ಮುಗಿದೊಡನೆ ನಿಲ್ಲಿಸುತ್ತಿದ್ದೆ. ಹೀಗಾಗಿ ತಂಬೂರಿ ಇಲ್ಲದ ಬರೀ ಕೋಣೆಯ ಸದ್ದು ಆ ಮೂರು ಸಂಜೆಗಳ ಧ್ವನಿಮುದ್ರಣದಲ್ಲಿ ಒಂದು ಕ್ಷಣವೂ ಇರಲಿಲ್ಲ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಈ ವಾರವೇ ಇದನ್ನು ಮಾಡಿಬಿಡಬಹುದು.

ಸದ್ದು ತೆಗೆಯುವ ಸ್ಪೆಕ್ಟ್ರಲ್ ಪ್ಲಗಿನ್‌ಗೆ ಮೊದಲು "ಸದ್ದು ಎಂದರೆ ಇದು" ಎಂದು ಒಂದು ಮಾದರಿ ಕೊಡಬೇಕು. ಹಾಡು ಇಲ್ಲದ ಎರಡು ಮೂರು ಸೆಕೆಂಡುಗಳನ್ನು ಆರಿಸಿ ಕೇಳಿಸಬೇಕು. ಅದು ಆ ಭಾಗವನ್ನು ಆವರ್ತನಗಳಾಗಿ ಬಿಡಿಸಿ, ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಇಡೀ ಹಾಡಿನಿಂದ, ಪ್ರತಿ ಕ್ಷಣದಿಂದಲೂ, ಆ ಪಟ್ಟಿಯಷ್ಟನ್ನು ಕಳೆಯುತ್ತಾ ಹೋಗುತ್ತದೆ. ನಾನು ಆರಿಸಿದ್ದು ಚಿಕ್ಕಜ್ಜಿ ಹಾಡು ಶುರುಮಾಡುವ ಮೊದಲಿನ ಮೂರು ಸೆಕೆಂಡು. ಅವರು ಹಾಡುತ್ತಿಲ್ಲ, ಆದ್ದರಿಂದ ಅದು ನಿಶ್ಶಬ್ದ ಎಂದು ಲೆಕ್ಕ ಹಾಕಿದೆ. ಆ ಮೂರು ಸೆಕೆಂಡಿನಲ್ಲಿ ಫ್ಯಾನಿಗಿಂತ ಎಷ್ಟೋ ಜೋರಾಗಿ ತಂಬೂರಿ ಇತ್ತು.

ತಂಬೂರಿಯ ಪಟ್ಟಿ ಎಂದರೆ ಏನು ಎಂದು ನೋಡಿ. ಚಿಕ್ಕಜ್ಜಿಯದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆ. ಅವರ ಷಡ್ಜ, ಆಧಾರದ 'ಸ', 196 ಹರ್ಟ್ಸ್, ಅಂದರೆ ಸೆಕೆಂಡಿಗೆ 196 ಕಂಪನ. ತಂಬೂರಿಯ ಮಂದ್ರ ಷಡ್ಜ, ಅದರ ಕೆಳಗಿನ 'ಸ', 98. ಆ ಒಂದು ಮಂದ್ರ ತಂತಿಯಿಂದಲೇ 98ರ ಮಗ್ಗಿ ಪೂರ್ತಿ ಹೊರಡುತ್ತದೆ: 196, 294, 392, 490, 588. ಎಂಜಿನಿಯರುಗಳು ಹಾರ್ಮೋನಿಕ್ ಎನ್ನುವ ಉಪಸ್ವರಗಳು ಇವು. 294 ಎಂದರೆ ಪಂಚಮ. 490 ಎಂದರೆ ಅಂತರ ಗಾಂಧಾರ, ಗಾಂಧಾರಗಳಲ್ಲಿ ಎತ್ತರದ್ದು. ತಂಬೂರಿಯಲ್ಲಿ ತಾನಾಗಿಯೇ ಕೇಳುವ ಸ್ವಯಂಭೂ ಗಾಂಧಾರ ಅದೇ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದು ಎಂಬ ನಿಯಮವೊಂದು ಭೌತಶಾಸ್ತ್ರದಲ್ಲಿದೆ. ತಂಬೂರಿಯೂ ವೀಣೆಯೂ ಆ ನಿಯಮವನ್ನು ಮೀರುತ್ತವೆ, ಕಾರಣ ಅವುಗಳ ಕುದುರೆಯ, ಅಂದರೆ ತಂತಿಗಳು ಹಾಯ್ದುಹೋಗುವ ಸೇತುವೆಯ, ಆಕಾರ ಎಂದು ಸಿ. ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಕುದುರೆಯ ಮೇಲೆ ತಂತಿಯಡಿ ದಾರ ಸರಿಸಿ ಜೀವಾಳ ಕೂರಿಸುವುದು ಈ ಉಪಸ್ವರಗಳು ಅರಳಲಿ ಎಂದೇ. ನಾನು ಅವನ್ನೆಲ್ಲ ಕಸದ ಪಟ್ಟಿಗೆ ಬರೆಸಿದೆ.

ಗಟ್ಟಿ ಧ್ವನಿಯಿಂದ ಸ್ವಲ್ಪ ಕಳೆದರೆ ಗೊತ್ತಾಗುವುದಿಲ್ಲ. ಮೆಲುದನಿಯಿಂದ ಅಷ್ಟೇ ಕಳೆದರೆ ಏನೂ ಉಳಿಯುವುದಿಲ್ಲ. ಹಾಡುಗಾರರು ಹೆಚ್ಚಾಗಿ ನಿಲ್ಲುವುದು ತಂಬೂರಿಯೊಂದಿಗೆ ಸೇರುವ ಸ್ವರಗಳ ಮೇಲೆಯೇ, ಷಡ್ಜ, ಪಂಚಮ. ಅಂದರೆ ಶ್ರುತಿಶುದ್ಧವಾಗಿ ಹಾಡಿದಷ್ಟೂ ಧ್ವನಿ ಆ ಪಟ್ಟಿಯೊಳಗೆ ಸರಿಯಾಗಿ ಬೀಳುತ್ತದೆ, ಅಷ್ಟೂ ಸವೆಯುತ್ತದೆ. ಅಪಶ್ರುತಿಯಲ್ಲಿ ಹಾಡುವವರಾಗಿದ್ದರೆ ಬಚಾವಾಗುತ್ತಿದ್ದರು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಆದರೆ ಅಂದು ನನಗೆ ಕೇಳಿಸಿದ್ದು ಫ್ಯಾನು ಮಾಯವಾದದ್ದು ಮಾತ್ರ. ಇಯರ್‌ಫೋನ್ ಹಾಕಿಕೊಂಡು ಪದಗಳ ನಡುವಿನ ಖಾಲಿ ಜಾಗಗಳನ್ನೇ ಕೇಳಿ ಹಿಗ್ಗಿದೆ. ಹದಿನೇಳನ್ನೂ ಹಾಗೆಯೇ ಮಾಡಿ, ಹಳೆಯ ಕಡತಗಳ ಮೇಲೆಯೇ ಉಳಿಸಿ, ಮರುದಿನ ಬೇರೊಂದು ಮದುವೆ ಕಾರ್ಯಕ್ರಮಕ್ಕೆ ಬೇಕೆಂದು ರೆಕಾರ್ಡರಿನ ಕಾರ್ಡನ್ನೂ ಅಳಿಸಿದೆ.

ಭಾನುವಾರ ಸಿ.ಡಿ. ಮಾಡಿಕೊಂಡು ಹೋಗಿ ಹಾಕಿದೆ. ಚಿಕ್ಕಜ್ಜಿ ಕಣ್ಣು ಮುಚ್ಚಿ ಕೇಳಿದರು. ಕಲ್ಯಾಣಿಯ ಉಗಾಭೋಗ ಅರ್ಧಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ನನ್ನ ಪಂಚಮ ಎಲ್ಲಿ ಹೋಯಿತಪ್ಪ?"

ನನಗೆ ಅರ್ಥವಾಗಲಿಲ್ಲ. ಇದೆಯಲ್ಲ ಚಿಕ್ಕಜ್ಜಿ, ಎಂದೆ. ಅವರು ಇನ್ನೊಮ್ಮೆ ಹಾಕಿಸಿ, ತೊಡೆಯ ಮೇಲೆ ಬೆರಳಿಟ್ಟು ತೋರಿಸಿದರು. ಮಧ್ಯಮದಿಂದ ಜಾರಿ ಬರುವವರೆಗೆ ಧ್ವನಿ ತುಂಬಿಕೊಂಡೇ ಇತ್ತು. ಪಂಚಮ ಮುಟ್ಟಿದೊಡನೆ ಬಡಕಲಾಗಿ, ನೀರಿನೊಳಗಿಂದ ಬಂದಂತೆ ನಡುಗಿ, ನಿಲುಗಡೆಯ ಅರ್ಧದಲ್ಲೇ ಇಲ್ಲವಾಗುತ್ತಿತ್ತು. ಕಲ್ಯಾಣಿಯದು ಅಂತರ ಗಾಂಧಾರ, ಅದೂ ಸೊರಗಿತ್ತು. ತೋಡಿಯಲ್ಲಿ ಹಾಡಿದ್ದರಲ್ಲಿ ಮಾತ್ರ ಗಾಂಧಾರ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಅಲ್ಲಿ ಇರುವುದು ಅದಕ್ಕಿಂತ ತಗ್ಗಿನ ಸಾಧಾರಣ ಗಾಂಧಾರ, ಅದು ತಂಬೂರಿಯ ಪಟ್ಟಿಗೆ ಸಿಗುವುದಿಲ್ಲ. ನನ್ನ ತಪ್ಪು ಏನೆಂದು ನನಗೆ ಖಚಿತವಾದದ್ದು ಆ ತೋಡಿಯಿಂದಲೇ.

ಕಳೆದದ್ದನ್ನು ಮತ್ತೆ ಕೂಡಿಸುವ ಪ್ಲಗಿನ್ ಇಲ್ಲ. ಎಂಟು ತಿಂಗಳ ಮೇಲೆ ಮತ್ತೆ ಕುಳಿತೆವು. ಅಷ್ಟರಲ್ಲಿ ಅವರ ಶ್ರುತಿ ನಾಲ್ಕು ಮನೆಗೆ ಇಳಿದಿತ್ತು. ಐದು ಹಾಡಿ ಸುಸ್ತಾದರು. ಕಲ್ಯಾಣಿಯದು ಬೇಡ ಎಂದರು, ನಾನು ಒತ್ತಾಯಿಸಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆರ್‌ಎಕ್ಸ್, ಸ್ಪೆಕ್ಟ್ರಾಲೇಯರ್ಸ್ ಎರಡೂ ಒಳ್ಳೆಯ ಸಾಧನಗಳೇ. ಆದರೆ "ಧ್ವನಿಯನ್ನು ಮಾತ್ರ ಉಳಿಸುವುದು" ಎಂಬ ನಿಮ್ಮ ಗುರಿಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತಾಯಿಯವರು ತಂಬೂರಿಯನ್ನು ಕೇಳಿಕೊಂಡು, ಅದಕ್ಕೆ ಧ್ವನಿಯನ್ನು ಸೇರಿಸಿ ಹಾಡಿದ್ದಾರೆ. ಅದನ್ನು ತೆಗೆದರೆ ಅವರು ಯಾವುದಕ್ಕೆ ಸೇರಿಸಿದರೋ ಅದೇ ಇರುವುದಿಲ್ಲ. ತಂಬೂರಿ ಜೋರಾಗಿದೆ ಎನ್ನಿಸಿದರೆ ಜೋರಾಗಿಯೇ ಇರಲಿ. ಹಾಡು ಮತ್ತು ವಾದ್ಯಗಳನ್ನು ಬೇರ್ಪಡಿಸುವ ಹೊಸ ಸಾಧನಗಳ ಆಸೆಗೂ ಬೀಳಬೇಡಿ. ಧ್ವನಿಯೂ ತಂತಿಯೂ ಒಂದೇ ಆವರ್ತನದಲ್ಲಿ ಕೂಡಿಕೊಂಡಿರುವಲ್ಲಿ ಯಾರ ಪಾಲು ಎಷ್ಟು ಎಂದು ಅವು ಊಹಿಸಬೇಕಾಗುತ್ತದೆ.

ಫ್ಯಾನನ್ನು ತಗ್ಗಿಸಬಹುದು. ನಿಮ್ಮ ಕಡತದ ಕೊನೆಗೆ ಹೋಗಿ ನೋಡಿ: ತಂಬೂರಿ ನಿಂತ ಮೇಲೂ, ಯಾರೂ ಮಾತನಾಡುವ ಮೊದಲು, ಒಂದೆರಡು ಸೆಕೆಂಡು ಉಳಿದಿದ್ದರೆ ನೀವು ನನಗಿಂತ ಅದೃಷ್ಟವಂತರು. ಮಾದರಿಯನ್ನು ಅಲ್ಲಿಂದ ಮಾತ್ರ ಕೊಡಿ, ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಮಾಡಿ. 6 ಡೆಸಿಬೆಲ್ ತಗ್ಗಿಸಿದರೆ ಸಾಕು, ಉಳಿದದ್ದನ್ನು ತಂಬೂರಿಯೇ ಮುಚ್ಚುತ್ತದೆ. ಆಮೇಲೆ, ಇದನ್ನು ದಯವಿಟ್ಟು ಬಿಡಬೇಡಿ, ಪ್ಲಗಿನ್ ತೆಗೆದುಹಾಕಿದ್ದನ್ನು ಮಾತ್ರ ಕೇಳಿ. ಉಚಿತವಾಗಿ ಸಿಗುವ ಅಡಾಸಿಟಿಯಲ್ಲಿ ಇದಕ್ಕೆ ರೆಸಿಡ್ಯೂ ಎಂಬ ಆಯ್ಕೆ ಇದೆ, ಆರ್‌ಎಕ್ಸ್‌ನಲ್ಲಿ ಔಟ್‌ಪುಟ್ ನಾಯ್ಸ್ ಓನ್ಲಿ ಎಂದಿದೆ. ಅಲ್ಲಿ ಬರೀ ಗಾಳಿಯ ಭೋರು ಕೇಳಬೇಕು. ಹಾಡಿನ ನೆರಳು ಎಲ್ಲಾದರೂ ಕೇಳಿದರೆ ನೀವು ತಾಯಿಯವರನ್ನೇ ಕಳೆಯುತ್ತಿದ್ದೀರಿ. ನಾನು ಅಂದು ಆ ಒಂದು ಗುಂಡಿ ಒತ್ತಿದ್ದರೆ ಕಸದ ಬುಟ್ಟಿಯೊಳಗಿಂದ ಚಿಕ್ಕಜ್ಜಿಯ ಪಂಚಮ ಕೇಳಿಸುತ್ತಿತ್ತು.

ಕರೆಂಟಿನ ಗುಂಯ್ ಎನ್ನುವ ಸದ್ದೂ ಇದೆ ಎಂದಿದ್ದೀರಿ. ಅದನ್ನು ತೆಗೆಯುವ ಸಿದ್ಧ ಗುಂಡಿಯನ್ನು ಒತ್ತುವ ಮೊದಲು ನಿಲ್ಲಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಅದರ ಗುಂಯ್‌ಗುಡುವಿಕೆ 100, 150, 200, 300ರಲ್ಲೂ ಕೂರುತ್ತದೆ. ಐದು ಮನೆ ಶ್ರುತಿಯ ತಂಬೂರಿ 98, 147 (ಮಂದ್ರ ಪಂಚಮದ ತಂತಿ), 196, 294ರಲ್ಲಿ ಕೂರುತ್ತದೆ. ಎರಡು, ಮೂರು, ನಾಲ್ಕು, ಆರು ಹರ್ಟ್ಸಿನ ಅಂತರ. ಪ್ಲಗಿನ್ನಿನ ಕಿಟಕಿ, ಅಂದರೆ ಅದು ಒಮ್ಮೆಗೆ ನೋಡುವ ಸದ್ದಿನ ತುಣುಕು, 4096 ಸ್ಯಾಂಪಲ್‌ಗಳಷ್ಟು ಅಗಲವಾಗಿದ್ದರೆ, ಸೆಕೆಂಡಿಗೆ 44,100 ಸ್ಯಾಂಪಲ್ ಇರುವ ಧ್ವನಿಮುದ್ರಣದಲ್ಲಿ ಅದು ಆವರ್ತನಗಳನ್ನು ಹಂಚುವ ಒಂದೊಂದು ಗೂಡೂ ಸುಮಾರು 10.8 ಹರ್ಟ್ಸ್ ಅಗಲ. ಕರೆಂಟಿನ 100, ತಂಬೂರಿಯ 98 ಎರಡೂ ಒಂದೇ ಗೂಡಿನಲ್ಲಿ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಕಿಟಕಿಯನ್ನು ಹಿಗ್ಗಿಸಿ ಬೇರ್ಪಡಿಸೋಣವೆಂದರೆ, ಎರಡು ಹರ್ಟ್ಸಿನ ಅಂತರ ಕಾಣಲು ಕಿಟಕಿ ಅರ್ಧ ಸೆಕೆಂಡಿನಷ್ಟಾದರೂ ಇರಬೇಕು. ಅರ್ಧ ಸೆಕೆಂಡಿನಲ್ಲಿ ಒಂದು ಗಮಕ, ಸ್ವರದ ಓಲಾಟ, ಬಂದು ಹೋಗಿರುತ್ತದೆ, ಅದೆಲ್ಲ ಕಲಸಿಹೋಗುತ್ತದೆ. ಆವರ್ತನವನ್ನು ಸೂಕ್ಷ್ಮವಾಗಿ ನೋಡಿದಷ್ಟೂ ಕಾಲ ಮಸುಕಾಗುತ್ತದೆ. ಎಷ್ಟು ಹಣ ಕೊಟ್ಟ ಪ್ಲಗಿನ್ನಾದರೂ ಇದರಿಂದ ತಪ್ಪಿಸಿಕೊಳ್ಳಲಾರದು. ಮೃದಂಗವಿದ್ದರೆ ಇನ್ನೂ ಕಷ್ಟ: ಅಗಲವಾದ ಕಿಟಕಿಯಲ್ಲಿ ಪೆಟ್ಟು ಬೀಳುವ ಮೊದಲೇ ಅದರ ಮಬ್ಬು ಕೇಳತೊಡಗುತ್ತದೆ.

ಹಾಗಾದರೆ ಸ್ಪೆಕ್ಟ್ರಲ್ ಸಾಧನ ಯಾವುದಕ್ಕೆ? ಎಲ್ಲೋ ಒಮ್ಮೆ ಬಂದು ಹೋಗುವ ಸದ್ದಿಗೆ. ಕಾಲವನ್ನು ಅಡ್ಡಕ್ಕೂ ಆವರ್ತನವನ್ನು ಮೇಲಕ್ಕೂ ಬರೆಯುವ ಸ್ಪೆಕ್ಟ್ರೋಗ್ರಾಮಿನ ಚಿತ್ರದಲ್ಲಿ ಬೈಕಿನ ಹಾರ್ನು ಒಂದರ ಮೇಲೊಂದು ಅಡ್ಡಗೆರೆಗಳಾಗಿ ಕಾಣುತ್ತದೆ, ಕೆಳಗೆ ಬಿದ್ದ ಲೋಟ ನೆಟ್ಟಗಿನ ಗೆರೆಯಾಗಿ, ಪಕ್ಕದ ಮನೆಯ ಕುಕ್ಕರಿನ ವಿಶಲ್ಲು ಮೇಲಿನ ಭಾಗದಲ್ಲಿ ದಪ್ಪ ಪಟ್ಟಿಯಾಗಿ. ಅಷ್ಟನ್ನೇ ಕುಂಚದಿಂದ ಗುರುತಿಸಿ ತಗ್ಗಿಸಬಹುದು, ಸುತ್ತಲಿನದನ್ನು ನೋಡಿ ತುಂಬಿಸಬಹುದು. ಈ ಕೆಲಸವನ್ನು ನಾನು ಇಂದಿಗೂ ಸಂತೋಷದಿಂದ ಮಾಡುತ್ತೇನೆ. ಸೂದ್ ಎಂಬ ಪ್ಲಗಿನ್ನಿನಂತೆ, ಎದ್ದು ಕಾಣುವ ಅನುರಣನಗಳನ್ನು ತಾನಾಗಿಯೇ ಹುಡುಕಿ ತಗ್ಗಿಸುವ ಪ್ಲಗಿನ್‌ಗಳನ್ನು ತಂಬೂರಿ, ವೀಣೆಗಳ ಹತ್ತಿರ ಸುಳಿಯಲೂ ಬಿಡುವುದಿಲ್ಲ. ಆ ವಾದ್ಯಗಳಲ್ಲಿ ಎದ್ದು ಕಾಣುವುದೇ ನಮಗೆ ಬೇಕಾದದ್ದು.

ಹಣವಿದ್ದರೆ ಪ್ಲಗಿನ್ ಬಿಟ್ಟು ಒಂದು ಒಳ್ಳೆಯ ಮೈಕ್ ಕೊಳ್ಳಿ. ತಾಯಿಯವರು ಇನ್ನೂ ಹಾಡುತ್ತಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ ಹಳೆಯದನ್ನು ತೊಳೆಯುವುದರಲ್ಲಿ ದಿನ ಕಳೆಯಬೇಡಿ, ಮತ್ತೆ ಕೂರಿಸಿ. ಮನೆಯಲ್ಲಿ ಆಗುವುದಿಲ್ಲ, ಸ್ಟುಡಿಯೋ ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ರೇಡಿಯೋ ಕೇಂದ್ರವನ್ನು ಶುರುಮಾಡಿದ್ದು ಇದೇ ಮೈಸೂರಿನ ತಮ್ಮ ಮನೆಯಲ್ಲಿ. ಬೆಳಗಿನ ಜಾವ ಐದಕ್ಕೆ ಎದ್ದು ಕುಳಿತರೆ ಹೆಚ್ಚಿನ ಬಡಾವಣೆಗಳು ಇನ್ನೂ ಮಲಗಿರುತ್ತವೆ. ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು ಅದರ ಮೇಲೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಮರಳಿ ಹಾಕಲು ಮರೆತು ಹಾಲು ಒಡೆಯುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿ. ಗುಂಯ್ ಎನ್ನುವುದು ಬಹಳಷ್ಟು ಸಲ ಅಷ್ಟಕ್ಕೇ ನಿಲ್ಲುತ್ತದೆ. ಮೈಕನ್ನು ಈಗಿನ ಅರ್ಧ ದೂರಕ್ಕೆ ತನ್ನಿ, ಕೋಣೆಯ ಸದ್ದು ಹಾಗೆಯೇ ಇದ್ದು ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ತಂಬೂರಿಯನ್ನು ತಾಯಿಯವರಿಗೆ ಹತ್ತಿರ, ಮೈಕಿಗೆ ದೂರ ಇಡಿ. ತಂಬೂರಿ ಶ್ರುತಿ ಮಾಡುವ ಮೊದಲೇ ಗುಂಡಿ ಒತ್ತಿ, ಇಪ್ಪತ್ತು ಸೆಕೆಂಡು ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿರಿ.

ಹಳೆಯ ಧ್ವನಿಮುದ್ರಣದ ವಿಷಯಕ್ಕೆ ಒಂದು ಮಾತು ತಿಳಿಸಿ: ತಾಯಿಯವರ ಶ್ರುತಿ ಎಷ್ಟು ಮನೆ? ಐದು ಎಂದಾದರೆ ಆ 100, 150ರ ತಂಟೆಗೆ ಹೋಗಬೇಡಿ. ಬೇರೆಯದಾದರೆ ಅವರ ಷಡ್ಜದ ಲೆಕ್ಕ ಹಾಕಿ, ಯಾವ ಆವರ್ತನಗಳನ್ನು ಮುಟ್ಟಬಾರದು ಎಂದು ಇಲ್ಲೇ ಬರೆಯುತ್ತೇನೆ.