ಗ್ರಿಲ್‌ಗೆ ರಟ್ಟು ಮುಚ್ಚಿದ್ರೆ ಮೈಲೇಜ್ ಬರುತ್ತಾ?

ಪ್ರಶ್ನೆ: ಸಾರ್ ನಮಸ್ಕಾರ, ನಮ್ಮೂರು ಮಂಡ್ಯದ ಪಕ್ಕ. ಒಂದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಐತೆ, ಕೆಲಸದ ಮೇಲೆ ಆಗಾಗ ಎಕ್ಸ್‌ಪ್ರೆಸ್‌ವೇಲಿ ಬೆಂಗಳೂರಿಗೆ ಹೋಗ್ಬತ್ತೀನಿ, 100ರಲ್ಲೇ ಓಡ್ಸೋದು. ಮೈಲೇಜ್ 15 ದಾಟ್ತಿಲ್ಲ. ಯೂಟ್ಯೂಬಲ್ಲಿ ಫಾರಿನ್‌ನೋರು ಗ್ರಿಲ್‌ಗೆ ರಟ್ಟು ಮುಚ್ಚಿ, ವೀಲ್‌ಗೆ ತಟ್ಟೆ ಥರದ್ದು ಹಾಕಿ, ಹಿಂದ್ಗಡೆ ಚೂಪು ಬಾಲ ಕಟ್ಕೊಂಡು ಭಾರೀ ಮೈಲೇಜ್ ತೆಗೀತಾವ್ರೆ. ಬ್ಯಾನರ್ ಅಂಗಡೀಲಿ ಸನ್‌ಪ್ಯಾಕ್ ಅನ್ನೋ ಪ್ಲಾಸ್ಟಿಕ್ ಶೀಟ್ ಸಿಗುತ್ತೆ, ನಾನೂ ಮಾಡ್ಲಾ? ಕನ್ನಡೀನೂ ಬಿಚ್ಚಿಬಿಡ್ಲಾ? ನಮ್ಮಪ್ಪ "ಚೆನ್ನಾಗಿರೋ ಗಾಡೀನ ಗುಜರಿ ಮಾಡ್ಬೇಡ ಕಣ್ಲಾ" ಅಂತಾವ್ರೆ.

ಉತ್ತರ: ನಿಮ್ಮಪ್ಪ ಹೇಳೋದ್ರಲ್ಲಿ ಅರ್ಧ ನಿಜ ಇದೆ, ಆದ್ರೆ ಐಡಿಯಾ ಏನ್ ಹುಚ್ಚಲ್ಲ.

ಸಮ ರಸ್ತೇಲಿ ಒಂದೇ ಸ್ಪೀಡಲ್ಲಿ ಹೋಗ್ತಿರುವಾಗ ಇಂಜಿನ್ ಎರಡರ ಜೊತೆ ಗುದ್ದಾಡ್ತಿರುತ್ತೆ, ಒಂದು ಟೈರ್ ಉರುಳೋ ಎಳೆತ, ಇನ್ನೊಂದು ಗಾಳಿ. ಟೈರ್‌ದು 40ರಲ್ಲೂ 100ರಲ್ಲೂ ಹೆಚ್ಚುಕಮ್ಮಿ ಒಂದೇ. ಗಾಳಿ ಹಂಗಲ್ಲ, ಸ್ಪೀಡ್ ಡಬಲ್ ಆದ್ರೆ ಅದರ ತಡೆ ನಾಲ್ಕು ಪಟ್ಟಾಗುತ್ತೆ. ಒಂದು ಟನ್ ತೂಗೋ ನಿಮ್ಮಂಥ ಗಾಡೀಲಿ 60ರ ಹತ್ರ ಎರಡೂ ಸಮಸಮ ಇರುತ್ತೆ, 100 ಮುಟ್ಟೋಷ್ಟರಲ್ಲಿ ಗಾಳೀದೇ ಹತ್ತಿರತ್ತಿರ ಮುಕ್ಕಾಲು ಪಾಲು. ಅದಕ್ಕೇ ಇದೇ ಪ್ರಶ್ನೆ ಮೈಸೂರು ಸಿಟಿ ಒಳಗೇ ಓಡಾಡೋರು ಕೇಳಿದ್ರೆ ಸುಮ್ನಿರಿ ಅಂತಿದ್ದೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡೋ ಗಾಡಿಗೆ ಏನ್ ಕಟ್ಟಿದ್ರೂ ಲೆಕ್ಕಕ್ಕೆ ಬರಲ್ಲ. ನಿಮ್ದು ಹೈವೇ, ನಿಮಗೆ ಅನ್ವಯಿಸುತ್ತೆ.

ಆದ್ರೆ ಶೀಟ್ ತರೋಕೆ ಮುಂಚೆ ಒಂದು ಲೆಕ್ಕ ನೋಡಿ. ಅದೇ ರಸ್ತೇಲಿ 100ರ ಬದ್ಲು 80ರಲ್ಲಿ ಹೋದ್ರೆ ಇಂಜಿನ್ ಪ್ರತಿ ಕಿಮೀಗೆ ಮಾಡೋ ಕೆಲಸದಲ್ಲಿ ಕಾಲು ಭಾಗ ಕಮ್ಮಿ ಆಗುತ್ತೆ, ಅಷ್ಟೂ ಪೆಟ್ರೋಲಲ್ಲಿ ಕಾಣಲ್ಲ ಆದ್ರೂ ದೊಡ್ಡ ಪಾಲು ಕಾಣುತ್ತೆ. ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಮೀ ಅಂದ್ಕೊಂಡ್ರೆ ಜಾಸ್ತಿ ಆಗೋದು ಕಾಲು ಗಂಟೆ. ನೀವು ಎಷ್ಟೇ ಕೈಚಳಕ ತೋರ್ಸಿ ಗಾಳಿ ತಡೆನ 10 ಪರ್ಸೆಂಟ್ ಇಳಿಸಿದ್ರೂ ಹೈವೇಲಿ ಉಳಿಯೋದು 5 ಪರ್ಸೆಂಟ್ ಆಸುಪಾಸು, ಅಂದ್ರೆ 15 ಇರೋ ಮೈಲೇಜ್ 16ರ ಹತ್ರ ಬರುತ್ತೆ. ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಎತ್ತಿದ್ರೆ ಬಿಟ್ಟಿ ಸಿಗೋದನ್ನ ಶೀಟು ಕಾಸು ತಗೊಂಡೂ ಪೂರ್ತಿ ಕೊಡಲ್ಲ. ಟೈರ್‌ಗೆ ಗಾಳಿ ಸರಿಯಾಗಿದ್ಯಾ ಅಂತಾನೂ ನೋಡ್ಕೊಳಿ, ಡ್ರೈವರ್ ಡೋರ್ ಹತ್ರ ಸ್ಟಿಕ್ಕರಲ್ಲಿ ಎಷ್ಟಿರಬೇಕು ಅಂತ ಬರೆದಿರುತ್ತೆ.

ಇನ್ನು ಬಾಲದ ವಿಷ್ಯ, ನನಗೆ ತುಂಬಾ ಇಷ್ಟವಾದ ಭಾಗ ಇದು. ಎಲ್ರೂ ಗಾಳಿ ಅಂದ್ರೆ ಬಂಪರ್ ಕಡೆ ನೋಡ್ತಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನಾಸಾದೋರು ಒಂದು ವ್ಯಾನ್‌ಗೆ ಸುತ್ತ ಅಲ್ಯೂಮಿನಿಯಂ ಶೀಟ್ ಹೊಡೆದು ಚೌಕಾಕಾರದ ಪೆಟ್ಟಿಗೆ ಮಾಡಿ ಓಡಿಸಿ ಅಳೆದ್ರು, ಆಮೇಲೆ ಅಂಚುಗಳನ್ನ ದುಂಡಗೆ ಮಾಡಿದ್ರು, ಅಷ್ಟಕ್ಕೇ ಗಾಳಿ ತಡೆ ಸುಮಾರು ಅರ್ಧ ಇಳೀತು. ಆದ್ರೆ ನಿಮ್ ಕಾರಿನ ಮುಂಭಾಗನ ಕಂಪನಿಯೋರು ಆಗ್ಲೇ ದುಂಡಗೆ ಮಾಡಿಯೇ ಕೊಟ್ಟಿದ್ದಾರೆ, ಅಲ್ಲಿ ಗಿಟ್ಟೋದು ಕಮ್ಮಿ. ಕಾಸು ಹೋಗ್ತಿರೋದು ಹಿಂದ್ಗಡೆ. ನಂಬಿಕೆ ಬರ್ಲಿಲ್ಲ ಅಂದ್ರೆ ಮನೇಲಿರೋ ಉಲ್ಲನ್ ದಾರನ ಗೇಣುದ್ದ ಕತ್ತರಿಸಿ ಛಾವಣಿ, ಹಿಂದಿನ ಗ್ಲಾಸು, ಡಿಕ್ಕಿ ಬಾಗ್ಲು ಎಲ್ಲಾ ಕಡೆ ಟೇಪ್ ಹಾಕಿ ಅಂಟ್ಸಿ, ಸ್ನೇಹಿತರ ಗಾಡೀಲಿ ಡ್ರೈವರ್ ಅಲ್ಲದೆ ಇನ್ನೊಬ್ರು ಕೂತು ಪಕ್ಕದ ಲೇನಿಂದ ವಿಡಿಯೋ ಮಾಡ್ಲಿ. ಛಾವಣಿ ಮೇಲಿನ ದಾರ ಬಾಚಿದ ಕೂದಲ ಥರ ನೆಟ್ಟಗೆ ಮಲಗಿರುತ್ತೆ, ಛಾವಣಿ ಅಂಚು ದಾಟಿ ಹಿಂದಿನ ಗ್ಲಾಸಿನ ಮೇಲಿರೋ ದಾರ ಮಾತ್ರ ಮೇಲಕ್ಕೆ ಪಕ್ಕಕ್ಕೆ ದಿಕ್ಕುದೆಸೆ ಇಲ್ದೆ ಕುಣೀತಿರುತ್ತೆ, ಒಂದೊಂದು ಸಲ ಮುಂದ್ಗಡೆಗೇ ತಿರುಗುತ್ತೆ. ಗಾಳಿ ಮೈ ಬಿಟ್ಟು ಕಿತ್ಕೊಂಡು ಸುಳಿ ಕಟ್ಟಿದೆ ಅಂತ ಅರ್ಥ, ಅಲ್ಲಿ ಒತ್ತಡ ಕಮ್ಮಿ ಆಗಿ ಗಾಡೀನ ಹಿಂದಕ್ಕೆ ಜಗ್ಗುತ್ತೆ. ವಿಡಿಯೋದಲ್ಲಿ ನೀವು ನೋಡಿದ ಬಾಲ ಈ ಸುಳಿನ ಚಿಕ್ಕದು ಮಾಡೋಕೆ. 10-15 ಡಿಗ್ರಿ ಒಳಗೆ ನಿಧಾನಕ್ಕೆ ಕಿರಿದಾಗ್ತಾ ಹೋದ್ರೆ ಕೆಲಸ ಮಾಡುತ್ತೆ, ಜಾಸ್ತಿ ಬಗ್ಗಿಸಿದ್ರೆ ಗಾಳಿ ಮತ್ತೆ ಬಿಟ್ಕೊಳುತ್ತೆ. ಪೂರ್ತಿ ಚೂಪೂ ಬೇಕಿಲ್ಲ, ಕಿರಿದು ಮಾಡ್ತಾ ಬಂದು ಮಧ್ಯದಲ್ಲೇ ಕತ್ತರಿಸಿದ್ರೂ ಲಾಭದ ಬಹುಪಾಲು ಸಿಗುತ್ತೆ. 1930ರ ದಶಕದಲ್ಲೇ ಜರ್ಮನಿಯ ವುನಿಬಾಲ್ಡ್ ಕಾಮ್ ಅನ್ನೋ ಇಂಜಿನಿಯರ್ ಇದರ ಮೇಲೆ ಕೆಲಸ ಮಾಡಿದ್ರು.

ಇಷ್ಟೆಲ್ಲಾ ಹೇಳಿ ಕೊನೆಗೆ ಅದನ್ನ ಕಟ್ಬೇಡಿ ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಬಾಲ ಕಟ್ಟಿದ್ರೆ ಬ್ರೇಕ್ ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಮರೆಯಾಗುತ್ತೆ, ಡಿಕ್ಕಿ ತೆಗೆಯೋಕಾಗಲ್ಲ, 100ರಲ್ಲಿ ಸನ್‌ಪ್ಯಾಕ್ ಕಿತ್ಕೊಂಡು ಹಾರಿದ್ರೆ ಹಿಂದೆ ಬರೋರ ಗ್ಲಾಸಿಗೇ ಬಡಿಯೋದು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಸ್ಪೆಸಿಫಿಕೇಷನ್‌ನ ನಮ್ಮಿಷ್ಟಕ್ಕೆ ಬದಲಾಯಿಸೋ ಹಂಗಿಲ್ಲ, ದಂಡ ಒಂದೊಂದು ಬದಲಾವಣೆಗೆ 5000 ರೂಪಾಯಿ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಅಷ್ಟು ದುಡ್ಡನ್ನ ಪೆಟ್ರೋಲಲ್ಲಿ ಉಳಿಸೋಕೆ ಎಷ್ಟು ತಿಂಗಳು ಬೇಕು ಲೆಕ್ಕ ಹಾಕ್ಕೊಳಿ. ಕನ್ನಡಿ ಬಿಚ್ಚೋ ಮಾತಂತೂ ಎತ್ಲೇಬೇಡಿ.

ಗ್ರಿಲ್ ಮುಚ್ಚೋದು ಸುಲಭ, ಗಾಳಿ ಇಂಜಿನ್ ರೂಮೊಳಗೆ ನುಗ್ಗಿ ಗಲಾಟೆ ಮಾಡೋದು ತಪ್ಪುತ್ತೆ, ಈಗ ಕೆಲವು ಕಾರಲ್ಲಿ ಬೇಕಾದಾಗ ತಾನೇ ಮುಚ್ಕೊಳೋ ಶಟರ್ ಕೊಟ್ಟೇ ಬರುತ್ತೆ. ಕೈಯಲ್ಲಿ ಮಾಡೋದಾದ್ರೆ ಅಪಾಯ ಎಲ್ಲಿ ಅಂದ್ರೆ, ರೇಡಿಯೇಟರ್ ಮುಂದೇನೇ ಎಸಿ ಬಿಸಿನ ಹೊರಗೆ ಹಾಕೋ ಕಂಡೆನ್ಸರ್ ಕೂತಿರುತ್ತೆ, ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಅದಕ್ಕೆ ಗಾಳಿ ಸಿಗ್ದಿದ್ರೆ ಕಂಪ್ರೆಸರ್ ಜಾಸ್ತಿ ದುಡಿದು ಉಳಿಸಿದ್ದನ್ನೆಲ್ಲಾ ತಿಂದುಹಾಕುತ್ತೆ. ಜೊತೆಗೆ ಈಗಿನ ಎಷ್ಟೋ ಚಿಕ್ಕ ಗಾಡೀಲಿ ಟೆಂಪರೇಚರ್ ಮುಳ್ಳೇ ಇರಲ್ಲ, ಬರೀ ಕೆಂಪು ಲೈಟು, ಅದು ಹತ್ತೋಷ್ಟರಲ್ಲಿ ಹೊತ್ತು ಮೀರಿರುತ್ತೆ. ಮಾಡ್ಲೇಬೇಕು ಅಂದ್ರೆ ಚಳಿಗಾಲದಲ್ಲಿ, ಕಂಡೆನ್ಸರ್‌ಗೆ ನೇರವಾಗಿ ಗಾಳಿ ಹೋಗೋ ಜಾಗ ಬಿಟ್ಟು, ಪಕ್ಕದ ಸಂದುಗಳನ್ನ ಮಾತ್ರ ಮುಚ್ಚಿ. (ಆಯುಧಪೂಜೆಗೆ ಕಟ್ಟಿದ ಬಾಳೆಕಂದು, ಹಾರ ಎಲ್ಲಾ ಹಂಗೇ ಇಟ್ಕೊಂಡು ಮೈಸೂರಿಂದ ಬೆಂಗಳೂರಿಗೆ ಹೊರಡೋರನ್ನ ನೋಡಿದಾಗೆಲ್ಲಾ ನನಗೆ ಆ ರೇಡಿಯೇಟರ್ ನೆನಪಾಗುತ್ತೆ.)

ವೀಲ್ ಮುಚ್ಚೋಕೆ ಸಪಾಟಾಗಿರೋ ಪ್ಲಾಸ್ಟಿಕ್ ವೀಲ್ ಕ್ಯಾಪ್ ಅಂಗಡೀಲೇ ಸಿಗುತ್ತೆ, ಅದನ್ನೇ ಹಾಕಿ, ಲಾಭ ಚಿಕ್ಕದು ಆದ್ರೆ ತಂಟೆ ಇಲ್ಲ. ಊಟಿಗೆ ಹೋಗಿ ಕಲ್ಹಟ್ಟಿ ಘಾಟ್ ಕಡೆ ಓಡಾಡೋದಿದ್ರೆ ಬಿಚ್ಚಿಡಿ, 36 ಹೇರ್‌ಪಿನ್ ತಿರುವಿನ ರಸ್ತೇಲಿ ಬ್ರೇಕ್ ತಣ್ಣಗಾಗೋಕೆ ಗಾಳಿ ಬೇಕು. ಗಾಡಿ ಅಡಿಗೆ ಶೀಟ್ ಹೊಡೆಯೋದ್ರಿಂದ ನಿಜವಾಗ್ಲೂ ಲಾಭ ಇದೆ, ಆದ್ರೆ ಸನ್‌ಪ್ಯಾಕ್ ಬೇಡ್ವೇ ಬೇಡ, ಸೈಲೆನ್ಸರ್ ಪೈಪು ನೂರಾರು ಡಿಗ್ರಿ ಕಾದಿರುತ್ತೆ, ಕರಗಿ ಬೆಂಕಿ ಹತ್ತಬಹುದು, ನಮ್ಮ ಹಳ್ಳಿ ಹಂಪ್‌ಗಳು ಬೇರೆ ಮೊದಲ ವಾರದಲ್ಲೇ ಕಿತ್ತು ಕೈಗೆ ಕೊಡ್ತವೆ. ಮೊದ್ಲು ಬಗ್ಗಿ ನೋಡಿ, ಕಂಪನಿ ಕೊಟ್ಟಿದ್ದ ಇಂಜಿನ್ ಅಂಡರ್ ಕವರ್ ಹಳೇ ಗಾಡೀಲಿ ಮುರಿದು ಯಾವ ಕಾಲಕ್ಕೋ ಬಿದ್ದೋಗಿರುತ್ತೆ. ಅದನ್ನೇ ತರಿಸಿ ಕ್ಲಿಪ್ ಸಮೇತ ಹಾಕ್ಸಿ.

ಏನೇ ಮಾಡಿ, ಡಿಸ್‌ಪ್ಲೇಲಿ ಬರೋ ಮೈಲೇಜ್ ನಂಬ್ಕೊಂಡು ಕೂರ್ಬೇಡಿ. ಒಂದೇ ಬಂಕು, ಒಂದೇ ಪಂಪು, ಆಟೋ ಕಟ್ ಆಗೋವರೆಗೆ ಫುಲ್ ಟ್ಯಾಂಕ್, ಹೋಗ್ತಾ ಬರ್ತಾ ಎರಡೂ ಸೇರಿಸಿ ಲೆಕ್ಕ ಹಾಕಿ, ಯಾಕಂದ್ರೆ ಎದುರುಗಾಳಿ ಇದ್ದ ದಿನ ಒಂದು ಕಡೆ ಲೆಕ್ಕ ಪೂರ್ತಿ ಸುಳ್ಳು ಹೇಳುತ್ತೆ. ಬದಲಾವಣೆ ಒಂದ್ಸಲಕ್ಕೆ ಒಂದೇ ಮಾಡಿ, ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವ್ದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ.

ಪ್ರಶ್ನೆ: ಸರ್, ನಾವು ಮೈಸೂರಿನ ಕುವೆಂಪುನಗರದೋರು. ಗಾಡಿ ಮೇಲೆ ಕ್ಯಾರಿಯರ್ ಇದೆ, ವರ್ಷಕ್ಕೊಂದ್ಸಲ ಟ್ರಿಪ್‌ಗೆ ಬಿಟ್ರೆ ಖಾಲಿ. ಇದ್ರೆ ಏನಾದ್ರೂ ತೊಂದರೆನಾ?

ಉತ್ತರ: ಬಿಚ್ಚಿಡಿ ಮೇಡಂ, ಇವತ್ತೇ. ದುಂಡನೆ ಪೈಪು ನೋಡೋಕೆ ನಯ ಅನ್ಸುತ್ತೆ, ಆದ್ರೆ ಅದೇ ದಪ್ಪದ, ರೆಕ್ಕೆ ಆಕಾರದ ಪಟ್ಟಿಗಿಂತ ಹತ್ತು ಪಟ್ಟು ಗಾಳಿ ತಡೆಯುತ್ತೆ. ಹೈವೇಲಿ ಮೇಲಿಂದ ಶಿಳ್ಳೆ ಥರ ಸೌಂಡ್ ಬರ್ತಿದ್ರೆ ಅದೂ ನಿಮ್ಮ ಪೆಟ್ರೋಲೇ.

ಪ್ರಶ್ನೆ: ಬಸ್ಸು, ಲಾರಿ ಹಿಂದೇನೇ ಹೋದ್ರೆ ಮೈಲೇಜ್ ಬರುತ್ತಂತೆ, ಹೌದಾ ಅಣ್ಣ?

ಉತ್ತರ: ಬರುತ್ತೆ, ಆದ್ರೆ ಚೆನ್ನಾಗಿ ಬರೋದು ಬಂಪರ್‌ಗೆ ಬಂಪರ್ ತಾಗೋ ಹಂಗಿದ್ದಾಗ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತೆ ತಮ್ಮಾ, ಬಸ್ಸಿನೋರು ಬ್ರೇಕ್ ಹೊಡೆದಿದ್ದು ನಿನ್ ಕಣ್ಣಿಗೆ ಬಿದ್ದು ಕಾಲು ಪೆಡಲ್‌ಗೆ ಹೋಗೋಷ್ಟರಲ್ಲಿ ಅದರೊಳಗಿರ್ತೀಯ. ಎರಡು ಸೆಕೆಂಡ್ ಅಂತರ ಅಂದ್ರೆ 44 ಮೀಟರ್, ಅಷ್ಟಾದ್ರೂ ಬಿಡು.

ಪ್ರಶ್ನೆ: ಛಾವಣಿ ಹಿಂದ್ಗಡೆ ಅಂಟಿಸೋ ಚಿಕ್ಕ ಚಿಕ್ಕ ಶಾರ್ಕ್ ಫಿನ್ ಸಾಲು ಆಕ್ಸೆಸರೀಸ್ ಅಂಗಡೀಲಿ ಹಾಕ್ಸಿದೀನಿ, ಮೈಲೇಜ್ ಏನೂ ಬದಲಾಗಿಲ್ಲ, ಯಾಕೆ?

ಉತ್ತರ: ಅದನ್ನ ಮಿತ್ಸುಬಿಷಿಯೋರು ತಮ್ಮ ಲ್ಯಾನ್ಸರ್ ಸೆಡಾನ್‌ಗೆ ಅಂತ ವಿಂಡ್ ಟನಲಲ್ಲಿಟ್ಟು (ಜೋರಾಗಿ ಗಾಳಿ ಬೀಸಿ ಪರೀಕ್ಷೆ ಮಾಡೋ ಸುರಂಗ) ಎತ್ತರ, ಜಾಗ ಎಲ್ಲಾ ಅಳೆದು ಕೂರಿಸಿದ್ರು, ಹಂಗಿದ್ರೂ ಗಾಳಿ ತಡೆಯ ಗುಣಾಂಕ ಇಳಿದಿದ್ದು 0.006 ಅಷ್ಟೇ. ನಿಮ್ಮ ಗಾಡೀಲಿ ಅಂಗಡಿ ಹುಡುಗ ಕಣ್ಣಳತೇಲಿ ಅಂಟಿಸಿದ್ದು. ಕೀಳೋದಾದ್ರೆ ಹಂಗೇ ಎಳೀಬೇಡಿ, ಪೇಂಟ್ ಎದ್ದು ಬರುತ್ತೆ, ಹೇರ್ ಡ್ರೈಯರಲ್ಲಿ ಬಿಸಿ ಮಾಡಿ ಗಮ್ ಮೆತ್ತಗಾದ ಮೇಲೆ ನಿಧಾನಕ್ಕೆ ಎಬ್ಬಿಸಿ.