“ಎಷ್ಟು ತಗೋತೀರ?” ಎಂದರೆ ಗಂಟಲು ಕಟ್ಟುತ್ತಿದ್ದವಳು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಮೊದಲ ದಿನ ಆ ಗಾಯಕಿ ಹೇಳಿಕೊಂಡದ್ದು ಗಂಟಲಿನ ತೊಂದರೆ. ಹಾಡುವಾಗ ಏನೂ ಇಲ್ಲ. ರೆಕಾರ್ಡಿಂಗಿಗೆ ಕರೆಯುವವರು ಫೋನಿನಲ್ಲಿ “ಎಷ್ಟು ತಗೋತೀರ ಮೇಡಂ?” ಅಂದ ಕೂಡಲೇ ಗಂಟಲು ಕಟ್ಟುತ್ತದೆ, ಮಾತು ಹೊರಡುವುದಿಲ್ಲ. ಇಎನ್‌ಟಿ ವೈದ್ಯರು ಪರೀಕ್ಷಿಸಿ, ಯಾವ ದೋಷವೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಎಷ್ಟೋ ಹೊತ್ತಿನ ಮೇಲೆ ಆಕೆಯ ಬಾಯಿಂದ ಬರುತ್ತಿದ್ದದ್ದು ಒಂದೇ ಉತ್ತರ: “ನೀವು ಕೊಟ್ಟಷ್ಟು ಕೊಡಿ.” ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಹೀಗೇ ನಾಲ್ಕು ವರ್ಷ ಕಳೆದಿತ್ತು.

ಆಕೆಗೆ 27 ವರ್ಷ. ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಏಳನೇ ವಯಸ್ಸಿನಿಂದ ಹದಿನಾಲ್ಕರವರೆಗೆ ಧಾರಾವಾಹಿಗಳಲ್ಲಿ ನಟಿಸಿದ್ದಳು. ಮೈ ಬೆಳೆಯಿತು, ಪಾತ್ರಗಳು ನಿಂತವು. ಹದಿನೈದಕ್ಕೆ ಸಂಗೀತ ಪಾಠಕ್ಕೆ ಸೇರಿ, ಏಳೆಂಟು ವರ್ಷದ ಮಕ್ಕಳ ನಡುವೆ ಕೂತು ಸರಳೆ ವರಸೆಯಿಂದ ಶುರು ಮಾಡಿದಳು. ಈಗ ಸಂಗೀತ ನಿರ್ದೇಶಕರಿಗೆ ಟ್ರ್ಯಾಕ್ (ಮುಖ್ಯ ಗಾಯಕರು ಹಾಡುವ ಮೊದಲಿನ ಮಾದರಿ) ಹಾಡುತ್ತಾಳೆ, ಕೋರಸ್‌ಗೆ ಹೋಗುತ್ತಾಳೆ, ಆರ್ಕೆಸ್ಟ್ರಾದಲ್ಲಿ ಹಾಡುತ್ತಾಳೆ, ಸಂಜೆ ಮಕ್ಕಳಿಗೆ ಪಾಠ ಹೇಳುತ್ತಾಳೆ. ವೇದಿಕೆಯಲ್ಲಿ ನಿರೂಪಕರು ಇಂದಿಗೂ ಆ ಹಳೆಯ ಧಾರಾವಾಹಿಯ ಪುಟ್ಟ ಹುಡುಗಿ ಎಂದೇ ಪರಿಚಯಿಸುತ್ತಾರೆ.

ಮೂರನೇ ಭೇಟಿಯಲ್ಲಿ ಕೇಳಿದೆ: “ನಿನ್ನ ಮೊದಲ ಸಂಬಳ ಕೈಗೆ ಬಂದಾಗ ಹೇಗನಿಸಿತು?”

ಬಹಳ ಹೊತ್ತು ಸುಮ್ಮನಿದ್ದಳು. “ನನ್ನ ಕೈಗೆ ಬಂದೇ ಇಲ್ಲ ಮೇಡಂ. ಮ್ಯಾನೇಜರ್ ಅಂಕಲ್ ಕವರನ್ನ ಅಪ್ಪನಿಗೆ ಕೊಡ್ತಿದ್ರು. ಪ್ಯಾಕಪ್ ಆದ್ಮೇಲೆ ನನಗೆ ಬಾದಾಮಿ ಹಾಲು.” ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಮೇಕಪ್ ರೂಮಿನಲ್ಲಿ ಎಲ್ಲರೆದುರು “ನನಗೆಷ್ಟು ಕೊಟ್ರಪ್ಪಾ?” ಅಂದಿದ್ದಳು. ಇದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ತೋಳು ಹಿಡಿದು ಹೊರಗೆ ಕರೆದೊಯ್ದು, “ದೊಡ್ಡೋರ ಮಾತು ನಿನಗ್ಯಾಕೆ” ಅಂದರಂತೆ. ಅದನ್ನು ಹೇಳುತ್ತಿರುವಾಗಲೇ ಆಕೆಯ ಕೈ ಗಂಟಲಿನ ಮೇಲೆ ಹೋಯಿತು. ಇಬ್ಬರಿಗೂ ಒಟ್ಟಿಗೇ ಅದು ಕಂಡಿತು.

ಹಣ ಹೋದದ್ದೆಲ್ಲಿಗೆ? ಹಾಸನದ ಕಡೆಯ ಊರಿನಲ್ಲಿದ್ದ ಅಂಗಡಿ ಮುಚ್ಚಿ ತಂದೆ ಮಗಳ ಜೊತೆ ಬೆಂಗಳೂರಿಗೆ ಬಂದಿದ್ದರು. ಮನೆ ಬಾಡಿಗೆ, ಅಕ್ಕನ ಮದುವೆ, ತಂದೆಯ ಹೆಸರಿನಲ್ಲಿ ಕೊಂಡ ಒಂದು ಸೈಟು. ಹೆತ್ತವರನ್ನು ಲೆಕ್ಕ ಕೇಳುವುದು ಪಾಪ ಎಂದು ಆಕೆ ನಂಬಿದ್ದಳು. ಕೇಳದೆ ಇದ್ದರೆ ಒಳಗಿನ ಉರಿ ತಣಿಯುತ್ತಿರಲಿಲ್ಲ. ಅಪ್ಪನ ಜೊತೆ ಮಾತು ಎರಡು ವರ್ಷದಿಂದ “ಊಟ ಆಯ್ತಾ” ಎಂಬಲ್ಲಿಗೆ ನಿಂತಿತ್ತು.

“ನನಗೊಬ್ಬಳಿಗೇ ಹೀಗಾಗಿದ್ದು” ಎಂದು ಅತ್ತಾಗ ನಾನು ಜಾಕಿ ಕೂಗನ್ ಕಥೆ ಹೇಳಿದೆ. 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿ ಲೋಕವನ್ನೇ ಅಳಿಸಿದ ಹುಡುಗ. ದುಡಿದದ್ದು ಮೂವತ್ತು ನಲವತ್ತು ಲಕ್ಷ ಡಾಲರ್ ಎಂದು ಅಂದಾಜು. ಪ್ರಾಯಕ್ಕೆ ಬಂದ ಮೇಲೆ ನೋಡಿದರೆ ಹಣ ಖರ್ಚಾಗಿ ಹೋಗಿತ್ತು. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಅವನ ಸಂಕಟದಿಂದಲೇ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆ ಕಾಯುವ ಕಾನೂನು ಬಂತು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಆ ಮಗುವಿನ ಹೆಸರಲ್ಲೇ ನಿಶ್ಚಿತ ಠೇವಣಿ ಇಡಬೇಕು. ದಿನಕ್ಕೆ ಐದು ಗಂಟೆ ಮೀರಿ ದುಡಿಸುವಂತಿಲ್ಲ, ಶೂಟಿಂಗಿಗೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಈಗ ಮಕ್ಕಳನ್ನು ಸೆಟ್ಟಿಗೆ ಕರೆದೊಯ್ಯುತ್ತಿರುವ ತಂದೆತಾಯಿಯರು ದಯವಿಟ್ಟು ಆ ಠೇವಣಿಯ ರಸೀದಿಯನ್ನು ಕೇಳಿ ಪಡೆಯಿರಿ. ಈಕೆಗೆ ಈ ನಿಯಮ ತಡವಾಗಿ ಬಂತು. ಆಕೆ ನಟನೆ ಬಿಟ್ಟು ಆಗಲೇ ಐದು ವರ್ಷವಾಗಿತ್ತು.

ನಾನು ಕೊಟ್ಟ ಮೊದಲ ಸಲಹೆ, ಕ್ಷಮಿಸುವ ಮಾತನ್ನೂ ಕೋರ್ಟಿನ ಮಾತನ್ನೂ ಸದ್ಯಕ್ಕೆ ಬದಿಗಿಡು ಎಂಬುದು. ಎಷ್ಟು ಬಂತು, ಎಷ್ಟು ಹೋಯಿತು ಎಂದೇ ಗೊತ್ತಿಲ್ಲದೆ ಏನನ್ನು ಕ್ಷಮಿಸುವುದು? ಮೊದಲು ಕಾಗದಪತ್ರ ಹುಡುಕೋಣ ಎಂದೆ. ಹನ್ನೆರಡನೇ ವಯಸ್ಸಿಗೇ ಆಕೆಯ ಹೆಸರಲ್ಲಿ ಪ್ಯಾನ್ ಕಾರ್ಡ್ ಮಾಡಿಸಿದ್ದರು. ಮಕ್ಕಳು ಸ್ವಂತ ಪ್ರತಿಭೆಯಿಂದ ಗಳಿಸಿದ್ದು ತಂದೆತಾಯಿಯ ಆದಾಯಕ್ಕೆ ಸೇರುವುದಿಲ್ಲ, ಮಗುವಿನ ಆದಾಯವೆಂದೇ ಲೆಕ್ಕ. ಆ ಪ್ಯಾನ್ ಮೇಲೆ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಕಡಿದುಕೊಳ್ಳುವ ತೆರಿಗೆ, ಹಿಡಿದಿದ್ದರೆ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಯಾರು ಎಷ್ಟು ಕೊಟ್ಟರು ಎಂಬುದು ಸಿಗುತ್ತದೆ. ಕೊನೆಯ ಎರಡು ವರ್ಷದ್ದು ಸಿಕ್ಕಿತು. ತನ್ನ ದುಡಿಮೆಯ ಅಂಕಿಯನ್ನು ಆಕೆ ಕಣ್ಣಾರೆ ಕಂಡದ್ದು ಅದೇ ಮೊದಲು. ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಚ್ಚಿಕೊಂಡು ಕೂತಳು.

ಹಳೆಯ ಬ್ಯಾಂಕ್ ಖಾತೆಯೊಂದಿದೆ ಎಂಬ ನೆನಪೂ ಇತ್ತು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೆ ಖಾತೆದಾರರ ಹಕ್ಕು ಅಳಿಯುವುದಿಲ್ಲ. ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ವಾಪಸು ಪಡೆಯಬಹುದು. ಇಂಥ ಠೇವಣಿ ಹುಡುಕಲೆಂದೇ ರಿಸರ್ವ್ ಬ್ಯಾಂಕ್ 2023ರಲ್ಲಿ ಶುರು ಮಾಡಿದ ಉದ್ಗಮ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಿದಳು. ಸಿಕ್ಕ ಹಣ ಮೂರು ತಿಂಗಳ ಬಾಡಿಗೆಗೂ ಸಾಲದಷ್ಟು. ಕೆವೈಸಿ ಕೊಟ್ಟು ಬಿಡಿಸಿಕೊಂಡಳು.

ಸೈಟಿನ ವಿಚಾರಕ್ಕೆ ವಕೀಲರ ಬಳಿ ಕಳಿಸಿದೆ. ಕಾನೂನು ಹೇಳುವುದು ನನ್ನ ಕೆಲಸವಲ್ಲ. ಮಗುವಿನ ಹೆಸರಲ್ಲಿದ್ದ ಸ್ಥಿರಾಸ್ತಿಯನ್ನು ತಂದೆ ಕೋರ್ಟಿನ ಅನುಮತಿಯಿಲ್ಲದೆ ಮಾರಿದ್ದರೆ ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಪ್ರಶ್ನಿಸಬಹುದಿತ್ತು. ಇಲ್ಲಿ ಸೈಟು ಮೊದಲಿಂದಲೂ ತಂದೆಯ ಹೆಸರಲ್ಲೇ ಇತ್ತು. ಗೆಲ್ಲುವುದು ಕಷ್ಟ ಎಂದು ವಕೀಲರು ಬಿಡಿಸಿ ಹೇಳಿದರು. ಆಕೆಗೆ ನಿರಾಸೆಯಾಯಿತು. ಅದನ್ನು ನಾನು ಸಮಾಧಾನದ ಮಾತಿನಿಂದ ಮುಚ್ಚಲು ಹೋಗಲಿಲ್ಲ.

ಏಳನೇ ಭೇಟಿಗೆ ತಂದೆಯೂ ಬಂದರು. ಅವರಿಗೆ ಬರೆದುಕೊಂಡು ಬಂದ ಎರಡೇ ವಾಕ್ಯ ಓದಿ ಹೇಳು ಎಂದಿದ್ದೆ. “ಅಪ್ಪ, ನೀವು ಮೋಸ ಮಾಡಿದ್ರಿ ಅಂತ ನಾನು ಹೇಳ್ತಿಲ್ಲ. ನಾನು ದುಡಿದದ್ದು ಎಷ್ಟು, ಏನಾಯ್ತು ಅಂತ ನನಗೆ ಗೊತ್ತಾಗಬೇಕು.” ತಂದೆ ಮೊದಲು ಸಿಟ್ಟಾದರು. “ನಿನಗೋಸ್ಕರ ಅಂಗಡಿ ಮುಚ್ಚಿದೆ” ಎಂದರು. ಅದೂ ನಿಜವೇ. ಮುಂದಿನ ವಾರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಡೈರಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ‘ಮಗಳ ಬಾಬ್ತು’ ಎಂದು ಮೇಲೆ ಬರೆದಿತ್ತು. ಒಳಗೆ ತಾರೀಖಿನ ಪ್ರಕಾರ ಬಂದ ಪೇಮೆಂಟು, ಬಸ್ ಚಾರ್ಜು, ಇಡ್ಲಿ, ಕ್ಲಿಪ್ಪು ರಿಬ್ಬನ್ನು, ಸೈಟಿನ ಕಂತು. ನಾಲ್ಕು ವರ್ಷದ್ದು ಪೈಸೆ ಪೈಸೆಗೂ ಇತ್ತು. ಆಮೇಲಿನ ಪುಟಗಳು ಖಾಲಿ. “ಆಗ ಅಕ್ಕನ ಮದುವೆ ಸಾಲ… ಬರೆಯೋಕೆ ಮನಸಾಗ್ಲಿಲ್ಲ” ಎಂದು ತಲೆ ತಗ್ಗಿಸಿದರು. ಮಗಳು ಏನೂ ಹೇಳದೆ ರಿಬ್ಬನ್ ಎಂದು ಬರೆದ ಸಾಲಿನ ಮೇಲೆ ಬೆರಳಾಡಿಸುತ್ತಿದ್ದಳು.

ಇನ್ನು ಸಂಗೀತದ ದುಡಿಮೆ. ಗಂಟಲು ಕಟ್ಟುವುದಕ್ಕೆ ಅಭ್ಯಾಸವೇ ಮದ್ದಾಯಿತು. ನಾನು ಸ್ಟುಡಿಯೋದವಳಾಗಿ ಫೋನ್ ಮಾಡುವುದು, ಆಕೆ ಮೊತ್ತ ಹೇಳಿ ಸುಮ್ಮನಾಗುವುದು. ಹೇಳಿದ ಮೇಲೆ “ಕಮ್ಮಿ ಆದ್ರೂ ಪರವಾಗಿಲ್ಲ” ಎಂದು ತಾನೇ ಸೇರಿಸುವ ಚಾಳಿ ಬಿಡಿಸಲು ಒಂದು ತಿಂಗಳು ಹಿಡಿಯಿತು. ಹಾಡುವ ಮೊದಲೇ ವಾಟ್ಸ್ಯಾಪಿನಲ್ಲಿ ಮೊತ್ತ ಬರೆದು ಕಳಿಸುವುದು, ಅರ್ಧ ಅಡ್ವಾನ್ಸು, ಹಾಡಿನ ಹಣಕ್ಕೆ ಬೇರೆ ಖಾತೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ, ಆಷಾಢದಲ್ಲಿ ಕರೆಯುವವರಿಲ್ಲ. ಆದ್ದರಿಂದ ನವೆಂಬರಿನ ಹಣದಲ್ಲೇ ಆಷಾಢದ ಬಾಡಿಗೆ ಎತ್ತಿಡಬೇಕು ಎಂದು ಒಪ್ಪಂದ ಮಾಡಿಕೊಂಡೆವು. ಶೇ 10ರ ಟಿಡಿಎಸ್ ಕಳೆದು ಹಣ ಬರುತ್ತಿದ್ದರೂ ರಿಟರ್ನ್ ಹಾಕಿರಲಿಲ್ಲ. ಈ ವರ್ಷ ಹಾಕಿ ರೀಫಂಡ್ ಪಡೆದಳು.

ಟ್ರ್ಯಾಕ್ ಹಾಡಿ, ಕೊನೆಗೆ ಬೇರೆಯವರ ದನಿ ಉಳಿದರೆ ಅಂದಿನ ಕೂಲಿಯಷ್ಟೇ ಆಕೆಯ ಪಾಲು. ಆಕೆಯ ದನಿಯಲ್ಲೇ ಹಾಡು ಹೊರಬಂದರೆ ಹಾಗಲ್ಲ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಗಾಯಕರಿಗೂ ರಾಯಧನದ ಹಕ್ಕಿದೆ, ಅದನ್ನು ವಸೂಲು ಮಾಡುವ ಸೊಸೈಟಿಯೂ ಇದೆ. ಸ್ವಂತ ರಾಗ ಸಂಯೋಜನೆಯ ರಾಯಧನ ವಸೂಲು ಮಾಡುವ ಸೊಸೈಟಿ ಐಪಿಆರ್‌ಎಸ್. ಆಕೆ ತಾನೇ ಸ್ವರ ಹಾಕಿದ ಎರಡು ಹಾಡುಗಳಿದ್ದವು. ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದಾಳೆ. ನಡುರಾತ್ರಿ ಮನಸ್ಸು ತೀರಾ ಕುಗ್ಗಿದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಫೋನಿನಲ್ಲಿ ಉಳಿಸಿಕೊಂಡಳು. ಒಮ್ಮೆ ಕರೆ ಮಾಡಿದ್ದೆ ಎಂದು ಆಮೇಲೆ ಹೇಳಿದಳು.

ಕಳೆದ ತಿಂಗಳು ಒಬ್ಬರು ಆಕೆ ಹೇಳಿದ ಮೊತ್ತ ಕೇಳಿ ಫೋನ್ ಇಟ್ಟರಂತೆ. ಅಂದು ಅತ್ತಳು, ಆದರೆ ಮೊತ್ತ ಇಳಿಸಲಿಲ್ಲ. ಡೈರಿ ಈಗ ಆಕೆಯ ಬಳಿ ಇದೆ. ಖಾಲಿ ಉಳಿದ ವರ್ಷಗಳ ಲೆಕ್ಕವನ್ನು ತಂದೆ ಬೇರೆ ನೋಟ್‌ಬುಕ್ಕಿನಲ್ಲಿ ನೆನಪು ಮಾಡಿಕೊಂಡು ಬರೆಯುತ್ತಿದ್ದಾರೆ. ನಡುನಡುವೆ ಫೋನ್ ಮಾಡಿ ಕೇಳುತ್ತಾರಂತೆ: “ಆ ಮೈಸೂರು ಶೂಟಿಂಗು ಎಷ್ಟು ದಿನ ಇತ್ತು ಕಣವ್ವ, ಜ್ಞಾಪಕ ಐತಾ?”