ವೈಫೈ ಡ್ರೈವರ್ ಹುಡುಕುವುದನ್ನು ಮೊದಲು ನಿಲ್ಲಿಸಿ

ವಿಂಡೋಸ್ ಪಕ್ಕದಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ, ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ಲಿನಕ್ಸ್ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇಲ್ಲ, ಎಲ್ಲಿಂದ ಇಳಿಸಿಕೊಳ್ಳಲಿ ಎಂದು ಕೇಳಿದ್ದೀರಿ. 2018ರ ಮಳೆಗಾಲದಲ್ಲಿ ಶಿರಸಿಯ ಮನೆಯಲ್ಲಿ ಕುಳಿತು ನಾನೂ ಇದನ್ನೇ ಹುಡುಕುತ್ತಿದ್ದೆ.

ಆಗ ಹಾಕಿದ್ದು ಉಬುಂಟು 18.04. ಲ್ಯಾಪ್‌ಟಾಪಿನ ವೈಫೈ ಚಿಪ್ ಬ್ರಾಡ್‌ಕಾಮ್‌ನ ಬಿಸಿಎಂ 43142. ಗ್ರಾಫಿಕ್ಸ್ ಮತ್ತು ವೈಫೈಗೆ ಬೇಕಾದ ಹೊರಗಿನ ತಂತ್ರಾಂಶವನ್ನೂ ಹಾಕಬೇಕೇ ಎಂದು ಇನ್‌ಸ್ಟಾಲರ್ ಕೇಳಿದಾಗ ಗುರುತು ಹಾಕಿದೆ. ಅದರ ಕೆಳಗೇ ಸೆಕ್ಯೂರ್ ಬೂಟ್‌ಗೆಂದು (ನಂಬಿಕೆಯ ಸಹಿ ಇರುವ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ಕಾವಲು) ಒಂದು ಪಾಸ್‌ವರ್ಡ್ ಕೇಳಿತು. ಏಕೆಂದು ಯೋಚಿಸದೆ ಕೊಟ್ಟೆ. ಕೆಲಸ ಮುಗಿದು ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂತು. ಹತ್ತು ಸೆಕೆಂಡಿನ ಎಣಿಕೆ ಇಳಿಯುತ್ತಿತ್ತು. ಗಾಬರಿಯಲ್ಲಿ ಒಂದು ಕೀಲಿ ಒತ್ತಿದೆ. ಪಟ್ಟಿಯಲ್ಲಿ ಮೊದಲು ‘ಕಂಟಿನ್ಯೂ ಬೂಟ್’, ಅದರ ಕೆಳಗೆ ‘ಎನ್‌ರೋಲ್ ಎಂಒಕೆ’, ಅಂದರೆ ಯಂತ್ರದ ಮಾಲೀಕರ ಕೀಲಿಯನ್ನು ದಾಖಲಿಸುವುದು. ವಿಂಡೋಸ್ ಹಾಳಾದೀತೆಂಬ ಭಯಕ್ಕೆ ಮೊದಲನೆಯದನ್ನೇ ಆರಿಸಿದೆ.

ನನ್ನ ತಪ್ಪು ಅದೊಂದೇ. ಅದನ್ನು ಬಿಡಿಸಿ ಹೇಳದಿದ್ದರೆ ನಿಮಗೂ ಹಾಗೇ ಆದೀತು. ಸೆಕ್ಯೂರ್ ಬೂಟ್ ಚಾಲೂ ಇರುವಾಗ ಉಬುಂಟುವಿನ ತಿರುಳಾದ ಕರ್ನಲ್, ತಾನು ನಂಬುವ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಕರ್ನಲ್ ಜೊತೆಗೇ ಬರುವ ಡ್ರೈವರುಗಳಿಗೆ ಆ ಸಹಿ ಇರುತ್ತದೆ. ನನ್ನ ಚಿಪ್ಪಿನ ಡ್ರೈವರ್ ಹಾಗಲ್ಲ. ಅದು ನಮ್ಮ ಯಂತ್ರದಲ್ಲೇ ಕಂಪೈಲ್ ಆಗಿ, ಆ ಯಂತ್ರವೇ ಸೃಷ್ಟಿಸಿಕೊಂಡ ಕೀಲಿಯಿಂದ ಸಹಿ ಪಡೆಯುತ್ತದೆ. ಆ ಕೀಲಿಯನ್ನು ನಂಬಬಹುದು ಎಂದು ಒಪ್ಪಿಗೆ ಕೊಡಬೇಕಾದವರು ಯಂತ್ರದ ಮುಂದೆ ಕುಳಿತವರು, ಅದೂ ಉಬುಂಟು ಏಳುವ ಮೊದಲೇ, ಕೈಯಾರೆ. ನಮ್ಮ ಪರವಾಗಿ ಯಾವುದೋ ದುಷ್ಟ ತಂತ್ರಾಂಶ ಒಪ್ಪಿಗೆ ಕೊಟ್ಟುಬಿಡಬಾರದು. ಅದಕ್ಕಾಗಿಯೇ ಆ ನೀಲಿ ಪರದೆ, ಆ ಪಾಸ್‌ವರ್ಡ್. ನಾನು ಒಪ್ಪಿಗೆ ಕೊಡದೆ ದಾಟಿಬಿಟ್ಟೆ. ಡ್ರೈವರ್ ಡಿಸ್ಕಿನಲ್ಲಿ ಸಿದ್ಧವಾಗಿಯೇ ಇತ್ತು, ಕರ್ನಲ್ ಬಾಗಿಲು ತೆರೆಯಲಿಲ್ಲ. ಒಮ್ಮೆ ದಾಟಿದರೆ ಆ ಪರದೆ ತಾನಾಗಿ ಮತ್ತೆ ಬರುವುದೂ ಇಲ್ಲ.

ಇದು ತಿಳಿಯದೆ, ಪೇಟೆಯಲ್ಲಿದ್ದ ಗೆಳೆಯನ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ಏನೇನೋ ತಂದು ಕಂಪೈಲ್ ಮಾಡಿದೆ. ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದಿತು. ಕೀ ಎಂದರೆ ವೈಫೈ ಪಾಸ್‌ವರ್ಡ್ ಎಂದುಕೊಂಡು ರೂಟರ್ ತಿರುಚುತ್ತ ಒಂದು ದಿನ ಕಳೆದೆ. ಬಳಿಕ ಉಬುಂಟುವನ್ನೇ ಮತ್ತೆ ಮತ್ತೆ ಹಾಕಿದೆ, ಪ್ರತಿ ಸಲವೂ ಕಂಟಿನ್ಯೂ ಬೂಟ್. ಮೂರನೆಯ ಸಲ, ರಾತ್ರಿ ಒಂದು ಗಂಟೆಗೆ, ಉಬುಂಟುವಿನದೆಂದುಕೊಂಡು ವಿಂಡೋಸಿನ ಡಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದೆ. ಎರಡೂ 100 ಜಿಬಿಯ ವಿಭಾಗಗಳು. ಅಪ್ಪ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದ ಹದಿನೇಳು ವರ್ಷಗಳ ಮಳೆ ಲೆಕ್ಕವನ್ನು ನಾನು ದಿನವಾರು ಟೈಪ್ ಮಾಡಿಟ್ಟಿದ್ದೆ; ಎಲ್ಲವೂ ಹೋಯಿತು. ಹದಿನೈದು ವರ್ಷದ್ದನ್ನು ಮತ್ತೆ ಟೈಪ್ ಮಾಡಿದೆ. ಉಳಿದೆರಡು ನೋಟ್‌ಬುಕ್ಕುಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು.

ಹಾಗಾಗಿ ‘ಎಲ್ಲಿಂದ ಇಳಿಸಿಕೊಳ್ಳಲಿ’ ಎಂಬ ಪ್ರಶ್ನೆಯನ್ನೇ ಬಿಡಿ. ಅದು ವಿಂಡೋಸ್ ಕಲಿಸಿದ ಅಭ್ಯಾಸ. ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರುಗಳು ಕರ್ನಲ್ಲಿನೊಳಗೇ ಇರುತ್ತವೆ, ಹೊರಗಿನವೂ ಬಹುಮಟ್ಟಿಗೆ ಉಬುಂಟುವಿನ ಭಂಡಾರದಲ್ಲಿ ಸಿಗುತ್ತವೆ. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ (ಮೊಬೈಲಿನ ಇಂಟರ್ನೆಟ್ ಹಂಚಿಕೆ) ಚಾಲೂ ಮಾಡಿ. ಸಾಮಾನ್ಯವಾಗಿ ಅದಕ್ಕೆ ಬೇರೆ ಡ್ರೈವರ್ ಬೇಡ. ಮೊದಲು ಎಲ್ಲ ಅಪ್‌ಡೇಟ್ ಹಾಕಿ, ಆಮೇಲೆ ‘ಅಡಿಷನಲ್ ಡ್ರೈವರ್ಸ್’ ತೆರೆದು ಅಲ್ಲಿ ತೋರಿಸುವುದನ್ನು ಆರಿಸಿ. ಪಾಸ್‌ವರ್ಡ್ ಕೇಳಿದರೆ ಕಾಗದದ ಮೇಲೆ ಬರೆದಿಟ್ಟುಕೊಂಡು, ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದನ್ನೇ ಕೊಡಿ. ಆ ಪರದೆಯನ್ನು ಈಗಾಗಲೇ ದಾಟಿಬಿಟ್ಟಿದ್ದರೂ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಎಂಒಕೆಯುಟಿಲ್ (mokutil) ಎಂಬ ಆದೇಶದ ಇಂಪೋರ್ಟ್ ಆಯ್ಕೆಯಿಂದ ಅದೇ ಕೀಲಿಯನ್ನು ಮತ್ತೊಮ್ಮೆ ಮುಂದಿಡಬಹುದು. ನನಗೆ ಕೊನೆಗೆ ಐದು ನಿಮಿಷದಲ್ಲಿ ಆದದ್ದು ಇದರಿಂದಲೇ.

ಸೆಕ್ಯೂರ್ ಬೂಟ್ ತೆಗೆದುಬಿಡಿ ಎನ್ನುವವರು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಮರುದಿನ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದು ನಿಮ್ಮ ಬಳಿ ಇಲ್ಲದಿದ್ದರೆ ಹೋಗುವುದು ವೈಫೈ ಮಾತ್ರವಲ್ಲ. ಇಷ್ಟಾದರೂ ವೈಫೈ ಬರದಿದ್ದರೆ, ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಪಿಸಿಐ (lspci) ಆದೇಶ ಕೊಟ್ಟು ನೆಟ್‌ವರ್ಕ್ ಕಂಟ್ರೋಲರ್ ಎಂದಿರುವ ಸಾಲನ್ನು ಇಲ್ಲಿ ಬರೆಯಿರಿ, ನೋಡುತ್ತೇನೆ. ಡಿ ಡ್ರೈವಿನಲ್ಲಿ ಇರುವುದನ್ನು ಇವತ್ತೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.